ನಿಮಗಿದು ಗೊತ್ತೆ? ಗೆಸ್ಟಾಪೊಗೆ ಕಣ್ಣು, ಕಿವಿ ಆದವರು ನೆರೆಹೊರೆಯವರೇ!

ನಾಜಿ ಜರ್ಮನಿಯ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಮನೆಮನೆಯಲ್ಲೂ ಗೂಢಚಾರರನ್ನು ಇಟ್ಟಿತ್ತೆಂಬ ನಂಬಿಕೆ ಇಂದಿಗೂ ಉಂಟು. ದಾಖಲೆಗಳು ಹೇಳುವುದೇ ಬೇರೆ. 8 ಲಕ್ಷಕ್ಕೂ ಹೆಚ್ಚು ಜನರಿದ್ದ ಲೋವರ್ ಫ್ರಾಂಕೋನಿಯ ಪ್ರಾಂತ್ಯಕ್ಕೆ ವ್ಯೂರ್ಟ್ಸ್‌ಬರ್ಗ್ ಕಚೇರಿಯಲ್ಲಿದ್ದ ಗೆಸ್ಟಾಪೊ ಸಿಬ್ಬಂದಿ ಕೇವಲ 28. ಇಷ್ಟು ಕಡಿಮೆ ಜನ ಎಲ್ಲರ ಮೇಲೆ ಕಣ್ಣಿಡಲಾರರು. ಆ ಕಚೇರಿಯ ಕಡತಗಳನ್ನು ಪರಿಶೀಲಿಸಿದ ಇತಿಹಾಸಕಾರ ರಾಬರ್ಟ್ ಗೆಲೇಟ್ಲಿ, ಯಹೂದ್ಯರೊಡನೆ ಸ್ನೇಹ, ಪ್ರೇಮ ಇಟ್ಟುಕೊಂಡ ‘ಅಪರಾಧ’ದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಸಾಮಾನ್ಯ ನಾಗರಿಕರ ದೂರಿನಿಂದಲೇ ಹುಟ್ಟಿದ್ದವೆಂದು ತೋರಿಸಿದರು. ಹಳೆಯ ಜಗಳ, ವ್ಯಾಪಾರದ ಪೈಪೋಟಿ, ಹೊಟ್ಟೆಕಿಚ್ಚು ಕೂಡ ಇಂಥ ದೂರುಗಳ ಹಿಂದಿದ್ದವು.

ಜನ ಹೆದರಿದ್ದರು, ಬೇರೇನು ಮಾಡಬಹುದಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ನಾಜಿ ವಿರೋಧಿ ಕರಪತ್ರ ಹಂಚಿದ್ದಕ್ಕೆ 21 ವರ್ಷದ ಸೋಫಿ ಶೋಲ್‌ಗೆ 1943ರ ಫೆಬ್ರವರಿ 22ರಂದು ಮರಣದಂಡನೆಯಾಯಿತು. ಎಲ್ಲರೂ ಅಂಥ ಸಾಹಸ ಮಾಡಬೇಕಿತ್ತೆಂದು ಸುರಕ್ಷಿತವಾಗಿ ಕುಳಿತ ನಾವು ಹೇಳಲಾಗದು. ಆದರೆ ಭಯ ಮೌನಕ್ಕೆ ಕಾರಣ ಕೊಡಬಹುದೇ ಹೊರತು, ತಾವಾಗಿಯೇ ಠಾಣೆಗೆ ನಡೆದು ನೆರೆಯವರನ್ನು ಹಿಡಿದುಕೊಟ್ಟದ್ದಕ್ಕಲ್ಲ. ಭಯದ ನಡುವೆಯೂ ಪ್ರತಿಭಟನೆ ನಡೆದದ್ದುಂಟು: ಅದೇ ಫೆಬ್ರವರಿ ಕೊನೆಯಲ್ಲಿ ಬರ್ಲಿನ್ನಿನ ರೋಸೆನ್‌ಸ್ಟ್ರಾಸೆಯಲ್ಲಿ, ಬಂಧಿತ ಯಹೂದಿ ಗಂಡಂದಿರಿಗಾಗಿ ಜರ್ಮನ್ ಮಹಿಳೆಯರು ದಿನಗಟ್ಟಲೆ ಬೀದಿಯಲ್ಲಿ ನಿಂತರು, ಬಂಧಿತರಲ್ಲಿ ಬಹುತೇಕರು ಬಿಡುಗಡೆಯಾದರು. ಬಿಡುಗಡೆಗೆ ಪ್ರತಿಭಟನೆಯೇ ಕಾರಣವೇ ಎಂಬ ಚರ್ಚೆ ಇನ್ನೂ ಇದೆ. ಆದರೆ ಆ ಮಹಿಳೆಯರ ಮೇಲೆ ಗುಂಡು ಹಾರಲಿಲ್ಲ. ಸರ್ವಾಧಿಕಾರಿಯ ಕೈಗೆ ಬಲ ಬರುವುದು ಸಾಮಾನ್ಯರ ಸಹಕಾರದಿಂದ. ಆ ಸಹಕಾರ ಕೊಟ್ಟವರು ತಮ್ಮ ಪಾಲಿನ ಹೊಣೆಯಿಂದ ನುಣುಚಿಕೊಳ್ಳಲಾಗದು.