ಬೇಲಿಯ ಈಚೆ ಸೈಟು, ಆಚೆ ಅವರೆ

ಮಾಗಿಯ ಬೆಳಗು, ಇನ್ನೂ ಆರು ಗಂಟೆ ಹೊಡೆದಿಲ್ಲ. ಬೆಂಗಳೂರಿನ ಸಹಕಾರನಗರದ 60 ಅಡಿ ರಸ್ತೆಯ ಬದಿಯಲ್ಲಿ ಗೂಡ್ಸ್ ಆಟೊವೊಂದು ನಿಂತು, ಗೋಣಿಚೀಲಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ. ತಲೆಗೆ ಮಫ್ಲರ್ ಸುತ್ತಿ, ಸೀರೆಯ ಮೇಲೆ ಗಂಡಸರ ಸ್ವೆಟರ್ ತೊಟ್ಟ ಹೆಂಗಸು ಫುಟ್‌ಪಾತಿನಲ್ಲಿ ನೀಲಿ ಟಾರ್ಪಾಲು ಹಾಸಿ ಚೀಲದ ಬಾಯಿ ಬಿಚ್ಚಿದಳೆಂದರೆ ಸಾಕು, ಬೀದಿಗೆ ಬೀದಿಯೇ ಅವರೆಯ ಸೊಗಡು. ಇಬ್ಬನಿ ಆರದ ಕಾಯಿ, ಮುಟ್ಟಿದರೆ ಬೆರಳಿಗೆ ಎಣ್ಣೆಯ ಹಾಗೆ ಜಿಡ್ಡು ಹತ್ತುತ್ತದೆ. ವಾಕಿಂಗ್ ಹೊರಟ ಹಿರಿಯರೊಬ್ಬರು ನಿಂತು, ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದು, "ಎಲ್ಲೀದಮ್ಮ?" ಎನ್ನುತ್ತಾರೆ. "ದೊಡ್ಡಬಳ್ಳಾಪುರದ ಕಡೇದು ಸಾರ್, ವಾಸ್ನೆ ನೋಡಿ, ಹೇಳ್ಬೇಕಾ?" ಎನ್ನುತ್ತಲೇ ಆಕೆಯ ಕೈ ಹುಳುಕನ್ನು ಆರಿಸಿ ಬದಿಗೆ ಎಸೆಯುತ್ತಿರುತ್ತದೆ. ಹಿರಿಯರು ವಾಕಿಂಗ್ ಅಲ್ಲಿಗೇ ಬಿಟ್ಟು, ಎರಡು ಕೆ.ಜಿ. ಕಟ್ಟಿಸಿಕೊಂಡು ಮನೆಯತ್ತ ತಿರುಗುತ್ತಾರೆ. ಇವತ್ತು ಆ ಮನೆಯಲ್ಲಿ ಹಿತಕಿದ ಬೇಳೆ ಸಾರು ಎನ್ನಲು ಜ್ಯೋತಿಷ್ಯ ಬೇಕಿಲ್ಲ.

ಒಳಗಿನ ಅಡ್ಡರಸ್ತೆಗಳಿಗೆ ಬನ್ನಿ. ಪೌರಕಾರ್ಮಿಕರ ಪೊರಕೆ ಡಾಂಬರಿನ ಮೇಲೆ ಒಂದೇ ಲಯದಲ್ಲಿ ಸರಬರ ಎನ್ನುತ್ತಿದೆ. ರಾತ್ರಿಯೆಲ್ಲ ಉದುರಿದ ಆಕಾಶಮಲ್ಲಿಗೆ ಹೂಗಳನ್ನು ಕಸದ ಜೊತೆ ಗುಡಿಸಲು ಮನಸ್ಸಾಗದೆಯೋ ಏನೋ, ಒಬ್ಬಾಕೆ ನಾಲ್ಕು ಹೂ ಆರಿಸಿ ಮುಡಿಗೆ ಸಿಕ್ಕಿಸಿಕೊಂಡಳು. ಪಡುವಣ ದಿಕ್ಕಿನಿಂದ ರೈಲಿನ ಕೂಗು. ಕೊಡಿಗೆಹಳ್ಳಿ ನಿಲ್ದಾಣದ ಹಳಿ ಬಡಾವಣೆಯ ಆ ಅಂಚಿಗಿದೆ. ಮೂಡಣ ಅಂಚಿಗೆ ಬಳ್ಳಾರಿ ರಸ್ತೆ. ಅದರ ಮೊರೆತ ಹೊಳೆಯ ಸದ್ದಿನ ಹಾಗೆ ಹಗಲೂ ರಾತ್ರಿ ನಿಲ್ಲುವುದಿಲ್ಲ. ಬಡಗಣಕ್ಕೆ ಮಾತ್ರ ಕತ್ತಲೆ ಇನ್ನೂ ಗಟ್ಟಿಯಾಗಿದೆ, ನವಿಲು ಕೂಗುತ್ತಿದೆ. ಅದು ಜಿಕೆವಿಕೆ, ಕೃಷಿ ವಿಶ್ವವಿದ್ಯಾಲಯದ ಆವರಣ.

ಬಡಾವಣೆಯ ಹೆಸರಿನಲ್ಲೇ ಸಹಕಾರವಿದೆ. ಕನ್ನಡ ನಾಡಿಗೂ ಸಹಕಾರಕ್ಕೂ ನಂಟು ಹಳೆಯದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದ್ದರು. ಅಲ್ಲಿ ಬೀಜ, ಗೊಬ್ಬರಕ್ಕೆ ಕೂಡಿದ ಕೈಗಳೇ ಬೆಂಗಳೂರಿನಲ್ಲಿ ಸೂರಿಗಾಗಿ ಕೂಡಿದವು. ಈ ಸುತ್ತಿನ ಹೆಸರುಗಳನ್ನು ಸುಮ್ಮನೆ ಓದುತ್ತಾ ಹೋಗಿ: ಕೆನರಾ ಬ್ಯಾಂಕ್ ಲೇಔಟ್, ಟೆಲಿಕಾಂ ಲೇಔಟ್, ಡಿಫೆನ್ಸ್ ಲೇಔಟ್, ಆಚೆಗೆ ಬಿಇಎಲ್ ಲೇಔಟ್. ಯಾರ ಸಂಬಳದ ಚೀಟಿಯಿಂದ ಯಾವ ಬೀದಿ ಹುಟ್ಟಿತೆಂಬ ಲೆಕ್ಕ ಫಲಕಗಳಲ್ಲೇ ಇದೆ. "ನಮ್ಮದು ಸೊಸೈಟಿ ಸೈಟು" ಎನ್ನುವಾಗ ಇಲ್ಲಿನ ಹಿರಿಯರ ದನಿಯಲ್ಲಿ ಒಂದು ಹೆಮ್ಮೆ. ಕಂತು ಕಟ್ಟಿ ವರ್ಷಗಟ್ಟಲೆ ಕಾದು, ನೀರು, ಬಸ್ಸು, ಬೀದಿದೀಪ ಯಾವುದೂ ಇಲ್ಲದ ಕಾಲದಲ್ಲಿ ಬಂದು ಗೃಹಪ್ರವೇಶ ಮಾಡಿದವರು ಅವರು.

ಅಂಥದ್ದೊಂದು ಮನೆಯನ್ನು ಈಗ ಕೆಡವುತ್ತಿದ್ದಾರೆ. ಒಂದು ನಿಮಿಷ ನಿಲ್ಲಿ. ಯಾದಗಿರಿ ಕಡೆಯ ಮಾತಿನ ಇಬ್ಬರು ಹುಡುಗರು ತೇಗದ ಬಾಗಿಲನ್ನು ಚೌಕಟ್ಟಿನ ಸಮೇತ ಬಿಡಿಸಿ, ಮಗುವನ್ನು ಮಲಗಿಸಿದಷ್ಟು ಹುಷಾರಾಗಿ ಗೋಡೆಗೆ ಒರಗಿಸಿದ್ದಾರೆ. ಸೂರು ಹೋಗಿದೆ, ನೆಲ ಉಳಿದಿದೆ. ರೆಡ್ ಆಕ್ಸೈಡ್ ನೆಲ, ನಲವತ್ತು ವರ್ಷ ಪಾದ ತಾಗಿ ಸವೆದು ಕನ್ನಡಿಯಾಗಿದೆ. ಅಡುಗೆಮನೆಯ ಮೂಲೆಯಲ್ಲಿ ರುಬ್ಬುವ ಕಲ್ಲು ಕೂತಿದ್ದ ಗುಂಡನೆಯ ಗುರುತು. ಸೂರಿಲ್ಲದ ಆ ನೆಲದ ಮೇಲೆ ಮೊದಲ ಬಿಸಿಲು ಬಿದ್ದು ಕೆಂಪಗೆ ಹೊಳೆಯುತ್ತದೆ. ಮಧ್ಯಾಹ್ನದೊಳಗೆ ಅದೂ ಚೂರಾಗುತ್ತದೆ. ಬರುವ ವರ್ಷ ಇಲ್ಲಿ ನಾಲ್ಕು ಅಂತಸ್ತು, ಎಂಟು ಮನೆ, ಮುಂದೆ "ಟು-ಲೆಟ್" ಬೋರ್ಡು. ಯಾರನ್ನೂ ದೂರಲಾರೆ. ಮಕ್ಕಳು ಹಂಚಿಕೊಳ್ಳಬೇಕು, ದುಡಿಯಲು ಬಂದವರಿಗೂ ತಲೆ ಮೇಲೊಂದು ಸೂರು ಬೇಕು. 2011ರ ಜನಗಣತಿಯ ಹೊತ್ತಿಗೇ ಕರ್ನಾಟಕದ ನೂರು ಜನರಲ್ಲಿ 38ಕ್ಕೂ ಹೆಚ್ಚು ಮಂದಿ ನಗರವಾಸಿಗಳಾಗಿದ್ದರು. ಆದರೂ ಆ ನೆಲ ಒಡೆಯುವ ಸದ್ದು ಎದೆಗೆ ತಾಕುತ್ತದೆ.

ಬಳ್ಳಾರಿ ರಸ್ತೆ ಇಷ್ಟು ಬಿರುಸಾದದ್ದು ನೋಡನೋಡುತ್ತಲೇ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ. ಅಲ್ಲಿಂದಾಚೆಗೆ ಉತ್ತರ ದಿಕ್ಕಿನ ಸೈಟಿನ ಬೆಲೆಯನ್ನು ಹಿಡಿಯುವವರಿಲ್ಲ. ಈ ಭಾಗವಿದ್ದ ಬ್ಯಾಟರಾಯನಪುರ ನಗರಸಭೆ 2007ರಲ್ಲಿ ಬಿಬಿಎಂಪಿಯಲ್ಲಿ ಕರಗಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಐದು ಪಾಲಿಕೆಗಳಾಗಿ ಒಡೆದು, ಈ ಭಾಗ ಬೆಂಗಳೂರು ಉತ್ತರ ನಗರ ಪಾಲಿಕೆಗೆ ಸೇರಿತು. ಈಗ ಮೆಟ್ರೊ ಕಂಬಗಳು ಸಾಲುಗಟ್ಟಿ ಉತ್ತರಕ್ಕೆ ಹೊರಟಿವೆ. ತಲೆಯ ಮೇಲಂತೂ ಸದ್ದಿಗೆ ಬಿಡುವಿಲ್ಲ. ಜಕ್ಕೂರಿನ ವೈಮಾನಿಕ ಶಾಲೆಯ ಪುಟ್ಟ ವಿಮಾನಗಳು ಗುಂಯ್‌ಗುಟ್ಟುತ್ತವೆ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಬಂತೆಂದರೆ ಕಿಟಕಿ ಗಾಜುಗಳು ಅದುರಿ, ಮಕ್ಕಳೆಲ್ಲ ತಾರಸಿ ಹತ್ತುತ್ತಾರೆ.

ಇಷ್ಟೆಲ್ಲದರ ನಡುವೆ ಈ ಬಡಾವಣೆಯ ಬೆಳಗು ತಂಪಾಗಿಯೇ ಇದೆಯಲ್ಲ, ಅದು ಹೇಗೆ? ಬಡಗಣದ ಬೇಲಿಯ ಹತ್ತಿರ ಬನ್ನಿ. ಗಾಳಿಯೇ ಬೇರೆ. ಹಸಿ ಮಣ್ಣು, ಒಣಹುಲ್ಲು, ದೂರದಲ್ಲೆಲ್ಲೋ ಸಗಣಿಯ ವಾಸನೆ. 1964ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಇದು, ಸುಮಾರು 1,300 ಎಕರೆ. ಬೆಂಕಿ ರೋಗಕ್ಕೆ ಜಗ್ಗದ ಜಿಪಿಯು-28 ರಾಗಿ ರೂಪುಗೊಂಡದ್ದು ಇಲ್ಲಿ. ಅವರೆ ಗಿಡದ್ದೊಂದು ಹಟವಿತ್ತು: ಹಗಲು ಗಿಡ್ಡವಾದರೆ ಮಾತ್ರ ಹೂ ಬಿಡುತ್ತೇನೆ ಎನ್ನುವುದು. ಆ ಹಟ ಬಿಡಿಸಿ, ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕಚ್ಚುವ ತಳಿಗಳನ್ನು ಈ ವಿಶ್ವವಿದ್ಯಾಲಯ ಕೊಟ್ಟಿತು. ಎಚ್‌ಎ-3, ಎಚ್‌ಎ-4. ಬಿಡಿಸಿ ಹೇಳಿದರೆ ಹೆಬ್ಬಾಳ ಅವರೆ. ಫ್ಲೈಓವರಿನ ಟ್ರಾಫಿಕ್ಕಿಗೆ ಹೆಸರಾದ ಹೆಬ್ಬಾಳ ರೈತನ ಬಾಯಲ್ಲಿ ಇಂದಿಗೂ ಒಂದು ಬೀಜದ ಹೆಸರು. ನನಗಂತೂ ಇದಕ್ಕಿಂತ ದೊಡ್ಡ ಗೌರವ ಕಾಣದು. ಸೊಗಡಿನಲ್ಲಿ ಮಾಗಿಯ ನಾಟಿ ಅವರೆಗೆ ಸಾಟಿಯಿಲ್ಲ ಎನ್ನುವವರಿದ್ದಾರೆ, ನಿಜ. ಬೇಸಿಗೆಯಲ್ಲೂ ಸಾರಿಗೆ ಅವರೆ ಸಿಗುವುದು ಈ ಹೊಲಗಳ ದಯೆ.

ನೆಲದ ನೆನಪು ಇಲ್ಲಿನ ಊರ ಹೆಸರಿನಲ್ಲೂ ಇದೆ. ಕೊಡಿಗೆ ಎಂದರೆ ದತ್ತಿಯಾಗಿ ಬಿಟ್ಟ ನೆಲ. ಕೆರೆ ಕಟ್ಟಿಸಿದವರಿಗೆ ಹೀಗೆ ನೆಲ ಬಿಡುವುದನ್ನು ಶಾಸನಗಳು ಕಟ್ಟುಕೊಡಗೆ ಎಂದವು. ಪಕ್ಕದ ಕೊಡಿಗೆಹಳ್ಳಿಯ ಹೆಸರಿನಲ್ಲಿ ಆ ಮಾತು ಹಾಗೇ ಕೂತಿದೆ. ಹೆದ್ದಾರಿಯಾಚೆ ಜಕ್ಕೂರು ಕೆರೆಯಲ್ಲಿ ಈ ಹೊತ್ತಿಗೆ ಮೀನುಗಾರರು ತೆಪ್ಪ ಇಳಿಸಿರುತ್ತಾರೆ, ಹೆಜ್ಜಾರ್ಲೆಗಳು ಬಲೆಯ ಹಿಂದೆಯೇ ತೇಲುತ್ತವೆ. ನಮ್ಮ ನಿಮ್ಮ ಬಚ್ಚಲಿನ ನೀರೇ ಶುದ್ಧೀಕರಣ ಘಟಕ ದಾಟಿ, ಜೊಂಡು, ಆಪಿನ ಬೇರುಗಳಲ್ಲಿ ಸೋಸಿ ಆ ಕೆರೆ ತುಂಬುತ್ತಿದೆ. ಕೆರೆಗಾಗಿ ನೆಲ ಬಿಟ್ಟ ನಾಡಿದು. ಉಳಿದ ನೆಲವನ್ನಾದರೂ ಕಾಯುವ ಬುದ್ಧಿ ನಮಗಿರಲಿ.

ಒಂಬತ್ತರ ಹೊತ್ತಿಗೆ ಟಾರ್ಪಾಲಿನ ಮೇಲೆ ಎರಡು ಹಿಡಿ ಅವರೆ ಉಳಿದಿತ್ತು. ಆಕೆ ಅದನ್ನು ಎದುರಿನ ಕಾವಲುಗಾರನ ಟವೆಲ್ಲಿಗೆ ಸುರಿದು, ಗೋಣಿ ಮಡಿಸಿ ಎದ್ದಳು. ನವೆಂಬರಿನಲ್ಲಿ ಜಿಕೆವಿಕೆಯ ಕೃಷಿಮೇಳಕ್ಕೆ ಬಂದರೆ ಮಳಿಗೆ ನೋಡಿ ಹಾಗೇ ಹೊರಟುಬಿಡಬೇಡಿ; ಮಕ್ಕಳ ಕೈ ಹಿಡಿದು ಹೊಲಗಳ ಬದುವಿನಲ್ಲಿ ಒಂದು ಸುತ್ತು ಹಾಕಿ, ಅವರೆ ಹೂ ತೋರಿಸಿ. ಆ ಹೊಲಗಳನ್ನು ಖಾಲಿ ಜಾಗ ಎಂದು ಯಾರಾದರೂ ಅಂದರೆ, ಅಲ್ಲೇ ತಿದ್ದಿ.