ಸತ್ತ ಕರುವಿನ ಮಹಜರು

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೇಸಿಗೆ ಮೇವಿಗೆ ಬಿಟ್ಟ ಮಂದೆಯಲ್ಲಿ ಒಂದು ಕರು ಸತ್ತು ಬಿದ್ದಿದೆ, ಮೈಮೇಲೆ ಕಚ್ಚಿದ ಗಾಯಗಳಿವೆ ಎಂದುಕೊಳ್ಳಿ. ಮಾಲೀಕ ಮೊದಲು ಮಾಡಬೇಕಾದ ಕೆಲಸ ಅದನ್ನು ಎಳೆದಾಡದೆ ಮೇಲೊಂದು ಟಾರ್ಪಾಲು ಹೊದಿಸುವುದು. ಹದ್ದು, ಕಾಗೆ ಬಂದು ಕುಕ್ಕಬಾರದು, ಮನೆಯ ನಾಯಿ ಓಡಾಡಿ ಹೆಜ್ಜೆ ಗುರುತು ಅಳಿಸಬಾರದು. ಆಮೇಲೆ ರಾಜ್ಯದ ವನ್ಯಜೀವಿ ಇಲಾಖೆಗೆ ಫೋನು. ಸ್ಥಳಕ್ಕೆ ಬಂದ ಅಧಿಕಾರಿ ಬರೆಯುವ ವರದಿಯ ಮೇಲೆಯೇ ಪರಿಹಾರ ನಿಲ್ಲುತ್ತದೆ. ಕೊಂದದ್ದು ತೋಳವಾದರೆ ಅದರ ಗತಿ ಏನಾಗಬೇಕೆಂಬ ತೀರ್ಮಾನವೂ ಅಲ್ಲಿಂದಲೇ ಶುರುವಾಗುತ್ತದೆ. ತೋಳ ಕಾಡಿಗೆ ಮರಳಿದ್ದರ ಬಗ್ಗೆ ಅಲ್ಲಿ ನಡೆಯುವ ಜಗಳವನ್ನು ಹೊರಗಿನವರು ತೋಳ ಬೇಕೋ ಬೇಡವೋ ಎಂಬ ವಾದ ಎಂದುಕೊಳ್ಳುತ್ತಾರೆ. ಆದರೆ ರ‍್ಯಾಂಚರ್‌ಗಳ, ಅಂದರೆ ನೂರಾರು ದನ ಸಾಕಿ ಬದುಕುವವರ ಸಿಟ್ಟಿನ ದೊಡ್ಡ ಪಾಲು ಇರುವುದು ಈ ಮಹಜರಿನಲ್ಲಿ.

ಅಧಿಕಾರಿ ಚಾಕು ಹಿಡಿದೇ ಬರುತ್ತಾರೆ. ಕರುವಿನ ಚರ್ಮ ಸುಲಿದು ಒಳಮಗ್ಗುಲು ನೋಡಿದರಷ್ಟೇ ಏನಾಯಿತೆಂದು ಗೊತ್ತಾಗುವುದು. ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ, ಮಾಂಸ ಜಜ್ಜಿಹೋಗಿ ಕಪ್ಪಾಗಿದ್ದರೆ ಹಲ್ಲು ಇಳಿದಾಗ ಕರುವಿನ ಎದೆ ಇನ್ನೂ ಬಡಿಯುತ್ತಿತ್ತು ಎಂದು ಅರ್ಥ. ಸತ್ತ ಮೇಲೆ ಕಚ್ಚಿದ್ದರೆ ಹಲ್ಲಿನ ತೂತು ಇರುತ್ತದೆ, ರಕ್ತ ಇಳಿದಿರುವುದಿಲ್ಲ. ರೋಗದಿಂದಲೋ ಸಿಡಿಲು ಬಡಿದೋ ಸತ್ತ ಕರುವನ್ನು ತೋಳ ತಿಂದರೆ ಅದು ತೋಳ ಕೊಂದ ಲೆಕ್ಕಕ್ಕೆ ಸೇರುವುದಿಲ್ಲ. ಆಮೇಲೆ ಗಾಯ ಎಲ್ಲೆಲ್ಲಿ ಎಂದು ನೋಡುತ್ತಾರೆ. ತೋಳ ಹೆಚ್ಚಾಗಿ ಹಿಂಗಾಲು, ತೊಡೆಯ ಹಿಂಭಾಗ, ಪಕ್ಕೆ, ಮುಂಗಾಲಿನ ಸಂದಿಗೆ ಬಾಯಿ ಹಾಕುತ್ತದೆ. ಕಯೋಟಿ ಎಂಬ ನರಿಯಂಥ ಪ್ರಾಣಿ ಹಿಡಿಯುವುದು ಗಂಟಲನ್ನು. ಪೂಮಾ ಎಂಬ ದೊಡ್ಡ ಕಾಡುಬೆಕ್ಕು ಕುತ್ತಿಗೆಗೆ ಹಲ್ಲೂರಿ ಕೊಂದು, ಉಳಿದದ್ದನ್ನು ಸೊಪ್ಪು ಮಣ್ಣು ಎಳೆದು ಮುಚ್ಚಿಡುವ ಜಾತಿ. ಕರಡಿಯಾದರೆ ಬೆನ್ನು ಭುಜ ಪುಡಿಯಾಗಿರುತ್ತವೆ. ಕೋರೆಹಲ್ಲಿನ ತೂತುಗಳ ನಡುವಿನ ಅಂತರ ಅಳೆದು, ಸುತ್ತ ಹೆಜ್ಜೆ, ಹಿಕ್ಕೆ, ಎಳೆದಾಡಿದ ಗುರುತು ಹುಡುಕಿ, ರೇಡಿಯೊ ಕೊರಳಪಟ್ಟಿ ಹಾಕಿದ ತೋಳ ಆ ದಿನ ಹತ್ತಿರವಿತ್ತೇ ಎಂದು ತಾಳೆ ನೋಡಿ, ಕೊನೆಗೆ ಖಚಿತ, ಸಂಭವನೀಯ, ಗೊತ್ತಿಲ್ಲ ಎಂಬಂಥ ಒಂದು ಷರಾ ಬರೆಯುತ್ತಾರೆ.

ಇದೆಲ್ಲ ಹೆಣ ಸಿಕ್ಕರೆ ತಾನೆ? ಪಶ್ಚಿಮದ ರಾಜ್ಯಗಳ ಮೇವಿನ ಪದ್ಧತಿಯೇ ಅದಕ್ಕೆ ಅಡ್ಡ. ಜೂನ್ ಹೊತ್ತಿಗೆ ತಾಯಿ ಕರುಗಳನ್ನು ಬೆಟ್ಟಕ್ಕೆ ಹತ್ತಿಸಿ ಅಕ್ಟೋಬರ್‌ನಲ್ಲಿ ಇಳಿಸುತ್ತಾರೆ. ಅದು ಬಹುಪಾಲು ಸರ್ಕಾರದ ಕಾಡು. ತಲೆ ಲೆಕ್ಕದಲ್ಲಿ ಶುಲ್ಕ ಕಟ್ಟಿ ಮೇಯಿಸುವುದು. ಸಾವಿರಾರು ಎಕರೆಯಲ್ಲಿ ಚದುರಿದ ದನಗಳನ್ನು ದಿನವೂ ನೋಡುವವರಿಲ್ಲ. ಸೆಕೆಯಲ್ಲಿ ಒಂದೆರಡು ದಿನ ಕಳೆದರೆ ಹೆಣ ಕೊಳೆತು ಪುರಾವೆ ಅಳಿಯುತ್ತದೆ. ಎಳೆಗರುವಾದರಂತೂ ತೋಳಗಳ ಗುಂಪು ಒಂದೇ ರಾತ್ರಿಯಲ್ಲಿ ಹೇಳಹೆಸರಿಲ್ಲದಂತೆ ಮಾಡುತ್ತದೆ. ಐಡಹೊ ರಾಜ್ಯದ ಒಂದು ಗುಡ್ಡಗಾಡು ಮೇವಿನ ಪ್ರದೇಶದಲ್ಲಿ ಕರುಗಳ ಕಿವಿಗೆ ರೇಡಿಯೊ ಕಟ್ಟಿ ಅಧ್ಯಯನ ಮಾಡಿದವರು 2003ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಮಾಲೀಕನ ಕಣ್ಣಿಗೆ ಬಿದ್ದ ಒಂದು ಕರುವಿಗೆ ಕಣ್ಣಿಗೇ ಬೀಳದೆ ಹೋದವು ಎಂಟರವರೆಗೂ ಇರಬಹುದು. ರ‍್ಯಾಂಚರ್‌ಗಳ ಸಭೆಗಳಲ್ಲಿ ಈ ಎಂಟರ ಲೆಕ್ಕ ಎಲ್ಲೆಡೆಗೂ ಸಲ್ಲುವಂತೆ ಓಡಾಡುತ್ತದೆ. ಅದು ಸರಿಯಲ್ಲ, ದಟ್ಟ ಕಾಡಿನ ಒಂದೇ ಜಾಗದ ಲೆಕ್ಕ ಅದು. ಬಯಲಿನಲ್ಲಿ ಹೆಣ ಸುಲಭವಾಗಿ ಕಾಣುತ್ತದೆ. ಆದರೆ ಅಕ್ಟೋಬರ್‌ನಲ್ಲಿ ಎಣಿಸುವಾಗ ಕಡಿಮೆ ಬೀಳುವ ಕರುಗಳಿಗೆ ಉತ್ತರ ಹೇಳುವವರು ಯಾರು ಎಂಬ ಪ್ರಶ್ನೆ ಮಾತ್ರ ನಿಜವಾದದ್ದು.

ಇದಕ್ಕೆ ವ್ಯೋಮಿಂಗ್ ಒಂದು ಜಾಣ ದಾರಿ ಹಿಡಿಯಿತು. ಹೆಣ ಹುಡುಕುವುದು ಕಷ್ಟವಾದ ಕಡೆ ಖಚಿತವಾದ ಒಂದು ಕರುವಿಗೆ ಏಳರವರೆಗೆ ಗುಣಿಸಿ ಪರಿಹಾರ ಕೊಡಬಹುದು ಎಂದಿತು. ಅದಕ್ಕೂ ಮೊದಲೇ, 1987ರಿಂದ 2010ರವರೆಗೆ ಪರಿಹಾರ ಕೊಡುತ್ತಿದ್ದದ್ದು ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್ ಎಂಬ ತೋಳದ ಪರವಾದ ಖಾಸಗಿ ಸಂಸ್ಥೆ. ಖಚಿತವಾದರೆ ಪೂರ್ತಿ ಬೆಲೆ, ಸಂಭವನೀಯವಾದರೆ ಅರ್ಧ.

ಕೊಲರಾಡೊದ ಲೆಕ್ಕ ಇನ್ನೂ ಉದಾರವಾದದ್ದು, ಅದಕ್ಕೆ ರಾಜಕೀಯ ಕಾರಣವಿದೆ. ಯೆಲ್ಲೊಸ್ಟೋನ್ ಉದ್ಯಾನದಲ್ಲಿ 1926ರ ಹೊತ್ತಿಗೆ ಪೂರ್ತಿ ಅಳಿದಿದ್ದ ತೋಳವನ್ನು 1995 ಮತ್ತು 1996ರಲ್ಲಿ ಕೆನಡಾದಿಂದ ತರಿಸಿದ್ದು ಕೇಂದ್ರ ಸರ್ಕಾರ. ಅಲ್ಲಿ 31, ನಡು ಐಡಹೊದಲ್ಲಿ 35 ತೋಳಗಳನ್ನು ಬಿಟ್ಟರು. ಕೊಲರಾಡೊದಲ್ಲಿ ತೀರ್ಮಾನಿಸಿದವರು ಮತದಾರರು. 2020ರ ನವೆಂಬರ್‌ನಲ್ಲಿ ಶೇ 51ರ ಆಸುಪಾಸಿನ ಮತದಿಂದ, ಅಂದರೆ ಕೂದಲೆಳೆಯ ಅಂತರದಲ್ಲಿ, ತೋಳ ತರಬೇಕೆಂಬ ಪ್ರಸ್ತಾಪ ಗೆದ್ದಿತು. ಡೆನ್ವರ್, ಬೋಲ್ಡರ್ ನಗರಗಳ ಕಡೆಯ ಮತಗಳು ಗೆಲ್ಲಿಸಿದವು. ತೋಳಗಳನ್ನು ಬಿಡಬೇಕಾದದ್ದು ಮಾತ್ರ ಪರ್ವತಸಾಲಿನ ಪಶ್ಚಿಮಕ್ಕೆ ಎಂದು ಪ್ರಸ್ತಾಪದಲ್ಲೇ ಬರೆದಿತ್ತು. ಅಲ್ಲಿನ ಬಹುತೇಕ ಕೌಂಟಿಗಳು, ಅಂದರೆ ಜಿಲ್ಲೆಗಳು, ಬೇಡವೆಂದಿದ್ದವು. ಮತ ಹಾಕಿದವರು ಒಂದು ಕಡೆ, ತೋಳ ಇನ್ನೊಂದು ಕಡೆ. 2023ರ ಡಿಸೆಂಬರ್‌ನಲ್ಲಿ ಆರಿಗನ್‌ನಿಂದ ಹತ್ತು ತೋಳಗಳು ಬಂದವು. ಕೆಲವು ಅಲ್ಲಿ ಆಗಲೇ ದನ ಕೊಂದ ಗುಂಪುಗಳಿಂದ ಬಂದವು ಎಂಬುದು ಗೊತ್ತಾದಾಗ ಪಶ್ಚಿಮದವರ ಹೊಟ್ಟೆ ಇನ್ನಷ್ಟು ಉರಿಯಿತು. ನನ್ನ ಪ್ರಕಾರ ಅದು ಇಲಾಖೆ ತಾನಾಗಿ ಮೈಮೇಲೆ ಎಳೆದುಕೊಂಡ ಅಪನಂಬಿಕೆ.

2024ರ ಏಪ್ರಿಲ್‌ನಲ್ಲೇ ಗ್ರ್ಯಾಂಡ್ ಕೌಂಟಿಯಲ್ಲಿ ಕರುಗಳು ಸಾಯತೊಡಗಿದವು. ರಾಜ್ಯದ ನಿಯಮದಂತೆ ಒಂದು ಪ್ರಾಣಿಗೆ ಮಾರುಕಟ್ಟೆ ಬೆಲೆ, ಗರಿಷ್ಠ 15,000 ಡಾಲರ್ ಪರಿಹಾರ ಸಿಗುತ್ತದೆ. ಇದರ ಜೊತೆಗೆ ಕಾಣೆಯಾದ ಕರು, ಇಳಿದ ತೂಕ, ಗಬ್ಬ ನಿಲ್ಲದ ಹಸುಗಳ ಲೆಕ್ಕವನ್ನೂ ಹಳೆಯ ದಾಖಲೆಗಳ ಜೊತೆ ಹೋಲಿಸಿ ಕೊಡಬಹುದು. ಆ ವರ್ಷದ ಹಾನಿಗೆ ಎರಡು ರ‍್ಯಾಂಚ್‌ಗಳಿಗೆ 2025ರ ಮಾರ್ಚ್‌ನಲ್ಲಿ ಮಂಜೂರಾದ ಹಣ 3.4 ಲಕ್ಷ ಡಾಲರಿಗೂ ಮೇಲು. ಅದರಲ್ಲಿ ಕಣ್ಣೆದುರು ಸತ್ತ ಪ್ರಾಣಿಗಳ ಬೆಲೆ ಸಣ್ಣ ಪಾಲು. ದೊಡ್ಡ ಪಾಲು ಬದುಕಿದ್ದ ದನಗಳದ್ದು. ಇದನ್ನು ಕೇಳಿ ನಗರದವರು ಹುಬ್ಬೇರಿಸಿದರು. ಆದರೆ ತೋಳ ಸುತ್ತಾಡುವ ಕಡೆ ದನ ಗುಂಪುಗೂಡಿ ಬೆದರಿ ನಿಲ್ಲುತ್ತದೆ, ಒಳ್ಳೆಯ ಹುಲ್ಲಿರುವ ಕಡೆ ಹೋಗುವುದಿಲ್ಲ, ಸದಾ ಓಡಾಟ. ಮಾಂಟಾನಾದಲ್ಲಿ ನಡೆದ ಒಂದು ಅಧ್ಯಯನ, ತೋಳದ ದಾಳಿ ಖಚಿತವಾದ ರ‍್ಯಾಂಚ್‌ಗಳಲ್ಲಿ ಕರುಗಳ ಸರಾಸರಿ ತೂಕ 22 ಪೌಂಡ್, ಅಂದರೆ ಸುಮಾರು ಹತ್ತು ಕಿಲೊ ಇಳಿದದ್ದನ್ನು ಕಂಡಿತು. ಕರುವನ್ನು ತೂಕದ ಮೇಲೆ ಮಾರುವವನಿಗೆ, 300 ಕರುಗಳಿದ್ದರೆ, ಇದು ಮೂರು ಟನ್ ಕೈಬಿಟ್ಟಂತೆ. ತೋಳ ಬರೀ ಸುಳಿದಾಡಿ ದಾಳಿ ಮಾಡದ ರ‍್ಯಾಂಚ್‌ಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಅದು ರ‍್ಯಾಂಚರ್‌ಗಳ ಬಾಯಲ್ಲಿ ಅಷ್ಟಾಗಿ ಬರುವುದಿಲ್ಲ.

ಕೊಲ್ಲುವ ಅನುಮತಿಯ ವಿಷಯಕ್ಕೆ ಬಂದರೆ, ಕಾನೂನಿನಲ್ಲಿ ಒಂದು ಕಿಟಕಿ ಇದೆ. ಅಳಿವಿನಂಚಿನ ಪ್ರಾಣಿಗಳ ಕಾಯ್ದೆಗೆ 1982ರಲ್ಲಿ ಸೇರಿಸಿದ ವಿಧಿಯಂತೆ, ಹೊಸದಾಗಿ ತಂದುಬಿಟ್ಟ ಪ್ರಾಣಿಗಳನ್ನು ಪ್ರಾಯೋಗಿಕ ಸಮೂಹ ಎಂದು ಘೋಷಿಸಿ ರಕ್ಷಣೆಯನ್ನು ಸ್ವಲ್ಪ ಸಡಿಲಿಸಬಹುದು. ಹಾಗಾಗಿ ದನದ ಮೇಲೆ ದಾಳಿ ಮಾಡುತ್ತಿರುವಾಗಲೇ ಸಿಕ್ಕ ತೋಳಕ್ಕೆ ಮಾಲೀಕ ಗುಂಡು ಹಾರಿಸಬಹುದು. ಆದರೆ ರಾತ್ರಿ ಹೊತ್ತು ಬೆಟ್ಟದಲ್ಲಿ ನಡೆಯುವ ದಾಳಿಯನ್ನು ಆಗುವಾಗಲೇ ನೋಡುವವರು ಎಷ್ಟು ಜನ? ಉಳಿದದ್ದು ಇಲಾಖೆಯೇ ಆ ತೋಳವನ್ನು ತೆಗೆಯುವುದು. 2024ರಲ್ಲಿ ಎಷ್ಟು ದಾಳಿ ಆದರೆ ತೆಗೆಯಬೇಕೆಂಬ ನಿಯಮವೇ ಇರಲಿಲ್ಲ. ಮರಿ ಹಾಕಿದ್ದ ಕಾಪರ್ ಕ್ರೀಕ್ ಗುಂಪನ್ನು ಕೊಲ್ಲಿರೆಂದು ರ‍್ಯಾಂಚರ್‌ಗಳು ಬೇಡಿದರು, ಇಲಾಖೆ ಒಪ್ಪಲಿಲ್ಲ, ಕೊನೆಗೆ ಹಿಡಿದು ಕೂಡಿಹಾಕಿತು. ಗಂಡು ತೋಳ ಸೆರೆಯಲ್ಲೇ ಸತ್ತಿತು. 2025ರ ಜನವರಿಯಲ್ಲಿ ತಾಯಿ ಮರಿಗಳನ್ನು ಬೇರೆ ಕಡೆ ಬಿಟ್ಟರು. ಅಲ್ಲೂ ದನ ಸತ್ತವು, ಮೇ ತಿಂಗಳಲ್ಲಿ ಆ ಗುಂಪಿನ ಒಂದು ತೋಳವನ್ನು ಇಲಾಖೆಯೇ ಕೊಂದಿತು. ಈಗಿನ ನಿಯಮ: 30 ದಿನದೊಳಗೆ ಮೂರು ದಾಳಿ, ಅದರಲ್ಲಿ ಒಂದಕ್ಕಾದರೂ ಗಟ್ಟಿ ಪುರಾವೆ. ಮತ್ತೆ ಟಾರ್ಪಾಲು, ಚಾಕು, ಮಹಜರು.

ಬೇಟೆಗಾರರ ದೂರು ಬೇರೆ ತರಹದ್ದು. ಅಲ್ಲಿ ಬೇಟೆ ಕಾನೂನುಬದ್ಧ, ಎಲ್ಕ್ ಎಂಬ ಭಾರಿ ಜಿಂಕೆಯ ಮಾಂಸದಲ್ಲಿ ಒಂದು ಮನೆಯ ಚಳಿಗಾಲ ಕಳೆಯುತ್ತದೆ. ಲೈಸೆನ್ಸ್ ಹಣ, ಜೊತೆಗೆ 1937ರ ಕಾಯ್ದೆಯಂತೆ ಬರುವ ಬಂದೂಕು ಮದ್ದುಗುಂಡಿನ ಕೇಂದ್ರ ತೆರಿಗೆ ರಾಜ್ಯಗಳ ವನ್ಯಜೀವಿ ಇಲಾಖೆಗಳನ್ನು ನಡೆಸುತ್ತವೆ. ನಮ್ಮ ದುಡ್ಡಲ್ಲಿ ಬೆಳೆದ ಎಲ್ಕ್‌ಗಳನ್ನು ತೋಳಕ್ಕೆ ಉಣಿಸುತ್ತಿದ್ದೀರಿ ಎನ್ನುತ್ತಾರೆ. ಯೆಲ್ಲೊಸ್ಟೋನ್‌ನ ಉತ್ತರದ ಎಲ್ಕ್ ಹಿಂಡು 1994ರ ಸುಮಾರಿಗೆ 19,000. 2013ರಲ್ಲಿ 4,000ಕ್ಕಿಂತ ಕಡಿಮೆ. ಐಡಹೊದ ಲೋಲೊ ವಲಯದಲ್ಲಿ 1989ರಲ್ಲಿದ್ದ 16,000 ಎಲ್ಕ್ 2010ಕ್ಕೆ 2,100ರ ಆಸುಪಾಸು. ಕೇಳಿದರೆ ಯಾರಿಗಾದರೂ ತೋಳದ ಮೇಲೇ ಬೆರಳು ಹೋಗುತ್ತದೆ. ಆದರೆ ಲೋಲೊದಲ್ಲಿ 1910ರ ಮಹಾಕಾಳ್ಗಿಚ್ಚಿನ ನಂತರ ಬೆಳೆದ ಪೊದೆ ಮೇವು ಎಲ್ಕ್‌ಗಳನ್ನು ಹೆಚ್ಚಿಸಿತ್ತು. ಪೊದೆ ಮರವಾಗಿ ನೆರಳು ಬಿದ್ದು ಮೇವು ಕುಗ್ಗಿತು, 1996-97ರ ಕಡುಚಳಿ ಹೊಡೆತ ಕೊಟ್ಟಿತು. ತೋಳ ಕಾಲೂರುವ ಮೊದಲೇ ಸಂಖ್ಯೆ ಅರ್ಧಕ್ಕಿಳಿದಿತ್ತು. ಯೆಲ್ಲೊಸ್ಟೋನ್‌ನಲ್ಲಿ ಕರಡಿ, ಪೂಮಾ, ಬರ, ಹೆಣ್ಣು ಎಲ್ಕ್‌ಗಳ ಬೇಟೆ ಎಲ್ಲವೂ ಸೇರಿದವು. ಹಾಗೆಂದು ಬೇಟೆಗಾರರದ್ದು ಬರೀ ಭ್ರಮೆಯಲ್ಲ. ಇಳಿದ ಹಿಂಡು ಮೇಲೇಳದಂತೆ ತೋಳ ಅದುಮಿ ಹಿಡಿಯಬಲ್ಲದು. ಮಾಂಟಾನಾ, ವ್ಯೋಮಿಂಗ್ ರಾಜ್ಯಗಳ ಒಟ್ಟು ಎಲ್ಕ್ ಗುರಿಗಿಂತ ಹೆಚ್ಚಿರುವುದು ನಿಜ, ಆದರೆ ತಲೆಮಾರಿನಿಂದ ಒಂದೇ ಕಣಿವೆಗೆ ಹೋಗುವವನಿಗೆ ರಾಜ್ಯದ ಸರಾಸರಿಯಿಂದ ಊಟ ಹುಟ್ಟುವುದಿಲ್ಲ. ಇನ್ನೊಂದು, ನಾಯಿ ಬಿಟ್ಟು ಬೇಟೆಯಾಡುವವರ ಸಂಕಟ: ತೋಳ ಆ ನಾಯಿಗಳನ್ನು ಎದುರಾಳಿಯೆಂದು ಕೊಲ್ಲುತ್ತದೆ. ತೋಳ ತಾನಾಗಿ ಮರಳಿದ ವಿಸ್ಕಾನ್ಸಿನ್‌ನಲ್ಲಿ ಸತ್ತ ಬೇಟೆನಾಯಿಗೆ 2,500 ಡಾಲರ್‌ವರೆಗೆ ಪರಿಹಾರವಿದೆ.

ತಡೆಯುವ ಉಪಾಯಗಳು ಇಲ್ಲದಿಲ್ಲ. ಹಗ್ಗಕ್ಕೆ ಕೆಂಪು ಬಟ್ಟೆಯ ಪಟ್ಟಿಗಳನ್ನು ಮೊಳಕ್ಕೊಂದರಂತೆ ಇಳಿಬಿಟ್ಟು ಸುತ್ತ ಕಟ್ಟಿದರೆ ತೋಳ ದಾಟಲು ಅಳುಕುತ್ತದೆ. ಪೂರ್ವ ಯುರೋಪಿನ ಬೇಟೆಗಾರರು ತೋಳವನ್ನು ಅಟ್ಟಲು ಬಳಸುತ್ತಿದ್ದ ತಂತ್ರ ಅದು. ಎರಡು ತಿಂಗಳಲ್ಲಿ ತೋಳಕ್ಕೆ ಅಭ್ಯಾಸವಾಗಿಬಿಡುತ್ತದೆ. ಕರು ಹಾಕುವ ಕಾಲಕ್ಕೆ ಸಣ್ಣ ಹೊಲಕ್ಕೆ ಸಾಕು, ಬೆಟ್ಟಕ್ಕೆ ನಡೆಯದು. ಸತ್ತ ದನವನ್ನು ಹಿತ್ತಿಲ ಗುಂಡಿಯಲ್ಲಿ ಎಸೆಯದೆ ಒಯ್ಯುವ ವ್ಯವಸ್ಥೆ ಮಾಂಟಾನಾದ ಬ್ಲ್ಯಾಕ್‌ಫುಟ್ ಕಣಿವೆಯಲ್ಲಿ ಚೆನ್ನಾಗಿ ನಡೆದಿದೆ: ವಾಸನೆ ಇಲ್ಲದಿದ್ದರೆ ತೋಳ ಕರಡಿಗಳು ಕೊಟ್ಟಿಗೆಯ ಹತ್ತಿರ ಬರುವ ಕಾರಣ ಒಂದು ಕಡಿಮೆ. ಕಾವಲು ನಾಯಿ ಕುರಿಗಳಿಗೆ ಚೆನ್ನ, ಆದರೆ ಒಂದೆರಡು ನಾಯಿಗಳನ್ನು ತೋಳಗಳ ಗುಂಪೇ ಮುಗಿಸುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ಮಂದೆಯ ಜೊತೆ ಮನುಷ್ಯ ಇರುವುದು. ತೋಳಧಾಮವಿರುವ ನಮ್ಮ ಗಂಗಾವತಿಯ ಬಂಕಾಪುರದ ಸುತ್ತಲಿನ ಕುರಿಗಾಹಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವನು ಹಟ್ಟಿಯ ಪಕ್ಕದಲ್ಲೇ ಮಲಗುತ್ತಾನೆ, ಆದರೂ ಒಮ್ಮೊಮ್ಮೆ ಕುರಿ ಕಳೆದುಕೊಳ್ಳುತ್ತಾನೆ. ಅಮೆರಿಕದ ರ‍್ಯಾಂಚರ್‌ಗೆ ತೋಳವಿಲ್ಲದ ದಶಕಗಳಲ್ಲಿ ಕಾವಲುಗಾರನ ಸಂಬಳದ ಖರ್ಚೇ ಇರಲಿಲ್ಲ. ದನದ ಬೆಲೆ, ಬ್ಯಾಂಕಿನ ಸಾಲ ಎಲ್ಲ ಆ ಲೆಕ್ಕದ ಮೇಲೆ ನಿಂತವು. ಈಗ ಕುದುರೆ ಏರಿ ದನಗಳನ್ನು ಒಗ್ಗೂಡಿಸುತ್ತ ಸುತ್ತುವ ಕಾವಲುಗಾರರು ಬೇಕು. ಆ ಸಂಬಳ ಯಾರು ಕೊಡಬೇಕು ಎಂಬುದಕ್ಕೆ ಕೊಲರಾಡೊ ಕೊಟ್ಟ ಉತ್ತರ ವಿಚಿತ್ರವಾದರೂ ಉಪಯೋಗದ್ದು: ತೋಳದ ಚಿತ್ರವಿರುವ ವಾಹನ ನಂಬರ್ ಪ್ಲೇಟ್‌ಗಳನ್ನು ಹೆಚ್ಚು ದುಡ್ಡಿಗೆ ಮಾರಿ, ಬಂದ ಹಣವನ್ನು ಕೊಲ್ಲದೆ ತಡೆಯುವ ಕೆಲಸಗಳಿಗೆ ಹಾಕುವುದು. 2025ರ ಮೇವಿನ ಕಾಲದಿಂದ ಇಲಾಖೆಯೇ ನೇಮಿಸಿದ ಸವಾರರು ಬೆಟ್ಟ ಹತ್ತುತ್ತಿದ್ದಾರೆ.