ಲ್ಯಾಬ್ ಬೀದಿಯ ಬೆಳಗು

ಹೋಟೆಲಿನ ಇಡ್ಲಿ ಪಾತ್ರೆ ಹಬೆಯಾಡುವ ಹೊತ್ತಿಗೇ ತುಮಕೂರಿನ ಆಸ್ಪತ್ರೆ ಬೀದಿಯಲ್ಲಿ ಲ್ಯಾಬುಗಳ ಶಟರುಗಳೂ ಮೇಲೇಳುತ್ತವೆ. ಒಂದರ ಪಕ್ಕ ಒಂದು ಬೋರ್ಡು: ಶುಗರ್, ಥೈರಾಯ್ಡ್, ಯೂರಿನ್ ಕಲ್ಚರ್. ಒಳಗಿನ ಬೆಂಚಿನಲ್ಲಿ ಗಾರ್ಮೆಂಟ್ಸ್ ಕೆಲಸದ ಹುಡುಗಿ, ಅತ್ತೆಯ ಜೊತೆ ಬಂದ ಬಸುರಿ, ಸಕ್ಕರೆ ಕಾಯಿಲೆಯ ಅಜ್ಜ. ಕೌಂಟರಿನ ಹುಡುಗಿ ಮುಚ್ಚಳದ ಡಬ್ಬಿ ಕೊಡುವಾಗ ದನಿ ತಗ್ಗಿಸುತ್ತಾಳೆ: “ಅಕ್ಕಾ, ಚೆನ್ನಾಗಿ ತೊಳ್ಕೊಂಡು, ಮೊದ್ಲು ಸ್ವಲ್ಪ ಬಿಟ್ಟು, ನಡುವಿಂದು ಹಿಡೀರಿ. ಒಳಗಡೆ ಕೈ ತಾಗಿಸ್ಬೇಡಿ.” ಬಸುರಿ ಡಬ್ಬಿಯನ್ನು ಸೆರಗಿನ ಮರೆಯಲ್ಲಿ ಒಯ್ದು ಮರೆಯಲ್ಲೇ ತಂದುಕೊಡುತ್ತಾಳೆ.

ಗಾಜಿನ ಬಾಗಿಲಿನಾಚೆ ಕೆಲಸ ನಿಧಾನ. ತಂತಿಯ ತುದಿಯ ಪುಟ್ಟ ಬಳೆಯಲ್ಲಿ ಹನಿಯಷ್ಟು ಮೂತ್ರ ತೆಗೆದು, ನೀಲಿ-ಹಸಿರು ಅಗಾರ್ ತಟ್ಟೆಯ ಮೇಲೆ ಗೆರೆ ಎಳೆದು, 37 ಡಿಗ್ರಿಯ ಪೆಟ್ಟಿಗೆಯಲ್ಲಿಡುತ್ತಾರೆ. ಇ. ಕೋಲೈ ಇದ್ದರೆ ಮಾರನೆಯ ದಿನ ತಟ್ಟೆ ಹಳದಿಗೆ ತಿರುಗಿರುತ್ತದೆ. ಉರಿಮೂತ್ರದ ಬಹುಪಾಲು ಪ್ರಕರಣಗಳಿಗೆ ಕಾರಣ ಕರುಳಿನಲ್ಲಿ ವಾಸಿಸುವ ಈ ಬ್ಯಾಕ್ಟೀರಿಯವೇ. ಆಮೇಲೆ ಇನ್ನೊಂದು ತಟ್ಟೆ. ಅದರ ಮೇಲೆ ಒಂದೊಂದು ಆಂಟಿಬಯಾಟಿಕ್‌ನಲ್ಲಿ ಅದ್ದಿದ ಕಾಗದದ ಬಿಲ್ಲೆಗಳು. ಯಾವ ಬಿಲ್ಲೆಯ ಸುತ್ತ ಸಾಕಷ್ಟು ಅಗಲದ ತಿಳಿ ವೃತ್ತ ಮೂಡುತ್ತದೋ ಆ ಔಷಧಿ ಕೆಲಸ ಮಾಡುತ್ತದೆ. ಇಷ್ಟಕ್ಕೆಲ್ಲ ಎರಡು ದಿನ ಬೇಕು.

ಉರಿಯುವವರಿಗೆ ಎರಡು ದಿನ ಎಂದರೆ ಯುಗ. ಹಾಗಾಗಿ ಪಕ್ಕದ ಮೆಡಿಕಲ್ ಸ್ಟೋರಿನಲ್ಲಿ ಲ್ಯಾಬಿಗಿಂತ ಹೆಚ್ಚು ಜನ. “ಅಣ್ಣಾ, ಉರಿಮೂತ್ರ, ಏನಾದ್ರೂ ಕೊಡಿ.” ಬೆನ್ನಿಗೆ ಕೆಂಪು ಗೆರೆಯಿರುವ ಶೀಟಿನಿಂದ ನಾಲ್ಕು ಮಾತ್ರೆ ಕತ್ತರಿಸುವ ಸದ್ದು, ಜೊತೆಗೊಂದು ಸಿರಪ್. ವೈದ್ಯರ ಚೀಟಿಯಿಲ್ಲದೆ ಕೊಡಬಾರದು ಎನ್ನುವುದಕ್ಕೇ ಆ ಕೆಂಪು ಗೆರೆ. ಹೀಗೆ ಕತ್ತರಿಸಿ ಕೊಡುವ ಮಾತ್ರೆಗಳಲ್ಲೊಂದಾದ ಸಿಪ್ರೊಫ್ಲಾಕ್ಸಾಸಿನ್‌ಗೆ ನಮ್ಮ ದೇಶದ ಇ. ಕೋಲೈ ಬಹುಮಟ್ಟಿಗೆ ಬಗ್ಗುತ್ತಿಲ್ಲ ಎಂದು ಐಸಿಎಂಆರ್ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. 1953ರಷ್ಟು ಹಿಂದೆ ಬಂದ ನೈಟ್ರೊಫ್ಯುರಾಂಟಾಯಿನ್ ಇಂದಿಗೂ ಹೆಚ್ಚಿನವರಿಗೆ ನಾಟುತ್ತದೆ. ಈ ಕತ್ತರಿಗೆ ಲಗಾಮಿಲ್ಲದಿದ್ದರೆ ಅದನ್ನೂ ಕಳೆದುಕೊಳ್ಳುತ್ತೇವೆ.

ಈ ಬೀದಿಯಾಚೆಯ ಮಾರುಕಟ್ಟೆ ಬಹಳ ದೊಡ್ಡದು. ಜಗತ್ತಿನಲ್ಲಿ 2019ರ ಒಂದೇ ವರ್ಷ 40 ಕೋಟಿಗೂ ಹೆಚ್ಚು ಮೂತ್ರನಾಳದ ಸೋಂಕುಗಳಾದವೆಂಬುದು ಅಂದಾಜು. ಚೆನ್ನೈನ ಆರ್ಕಿಡ್ ಸಂಸ್ಥೆ ಕಂಡುಹಿಡಿದ ಎನ್ಮೆಟಜೊಬ್ಯಾಕ್ಟಮ್ ಸೇರಿದ, ಈ ಸೋಂಕು ಜಟಿಲವಾದಾಗ ಕೊಡುವ ಇಂಜೆಕ್ಷನ್‌ಗೆ 2024ರ ಫೆಬ್ರುವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ರೂಪುಗೊಂಡ ಯಂತ್ರಕ್ಕೆ ಬ್ರಿಟನ್ನಿನ 80 ಲಕ್ಷ ಪೌಂಡಿನ ಲಾಂಜಿಟ್ಯೂಡ್ ಬಹುಮಾನ ಸಂದಿತು. ನಮ್ಮ ಲ್ಯಾಬಿನ ಎರಡು ದಿನದ ಕೆಲಸವನ್ನು ಅದು ಮುಕ್ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಅಂಥ ಯಂತ್ರ ಜಿಲ್ಲಾಸ್ಪತ್ರೆಗಳಿಗೆ ಕೈಗೆಟಕುವ ಬೆಲೆಯಲ್ಲಿ ಬರಲೇಬೇಕು.

ಗಾರ್ಮೆಂಟ್ಸ್ ಹುಡುಗಿಗೆ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ. ಬೆಳಿಗ್ಗೆ ಚೀಲದಲ್ಲಿಟ್ಟುಕೊಂಡ ನೀರಿನ ಬಾಟಲಿ ಸಂಜೆ ಹಾಗೇ ಮನೆಗೆ ಮರಳುತ್ತದೆ. ಕುಡಿದರೆ ಒಂದಕ್ಕೆ ಹೋಗಬೇಕು, ಹೋದರೆ ಪೀಸು ಉಳಿಯುತ್ತದೆ, ಸೂಪರ್‌ವೈಸರ್ ಕೂಗುತ್ತಾನೆ. ಪದೇ ಪದೇ ಸೋಂಕಾಗುವ, ಕಡಿಮೆ ನೀರು ಕುಡಿಯುವ ಮಹಿಳೆಯರು ದಿನಕ್ಕೆ ಒಂದೂವರೆ ಲೀಟರ್ ಹೆಚ್ಚಿಗೆ ಕುಡಿದಾಗ ಮರುಕಳಿಕೆ ಅರ್ಧದಷ್ಟು ತಗ್ಗಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕಲ್ಚರ್ ವರದಿ ಅವಳಿಗೆ ಸರಿಯಾದ ಮಾತ್ರೆ ಹೇಳಬಲ್ಲದು. ನೀರು ಕುಡಿಯುವ ಬಿಡುವನ್ನು ಕಾರ್ಖಾನೆಯೇ ಕೊಡಬೇಕು.

ಉರಿ ಶುರುವಾದರೆ ವೈದ್ಯರನ್ನು ಕಾಣಿ, ಕಲ್ಚರ್ ಮಾಡಿಸಬೇಕೇ ಎಂದು ನೀವೇ ಕೇಳಿ, ಮಾಡಿಸುವುದಾದರೆ ಆಂಟಿಬಯಾಟಿಕ್ ನುಂಗುವ ಮೊದಲೇ ಡಬ್ಬಿ ಕೊಟ್ಟು ಬನ್ನಿ. ಚಳಿಜ್ವರವೋ ಪಕ್ಕೆ ನೋವೋ ಕಾಣಿಸಿದರೆ, ಬಸುರಿಯಾಗಿದ್ದರೆ, ಅಂದೇ ಆಸ್ಪತ್ರೆಗೆ ಹೋಗಿ.